ವಾಲ್ವ್ ತೆರೆಯುವ ಮೊದಲು

ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸುವವರು ಮತ್ತು ಉತ್ಪನ್ನ ವಿನ್ಯಾಸ ಕಲಿಯುತ್ತಿರುವ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಲೆಕ್ಕಗಳನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮನೆಯ ಫ್ರಿಜ್ ಬಾಗಿಲು ತೆರೆದರೆ ಒಳಗೆ ಬಿಳಿ ಗೋಡೆ ಕಾಣುತ್ತದಲ್ಲ, ಅದು ಒಂದೇ ಪ್ಲಾಸ್ಟಿಕ್ ಶೀಟನ್ನು ಕಾಯಿಸಿ ಅಚ್ಚಿನ ಮೇಲೆ ಎಳೆದು ಮಾಡಿದ್ದು. ಬಸ್ ಸೀಟಿನ ಹಿಂಬದಿಯ ಕವರ್, ಆಸ್ಪತ್ರೆಯ ಯಂತ್ರಗಳ ಹೊರಕವಚ, ಬಿಸ್ಕತ್ತು ಜೋಡಿಸುವ ಟ್ರೇ, ಇವೂ ಬಹಳ ಮಟ್ಟಿಗೆ ಹೀಗೇ ಹುಟ್ಟುತ್ತವೆ. ವ್ಯಾಕ್ಯೂಮ್ ಫಾರ್ಮಿಂಗ್ ಎನ್ನುವ ಈ ವಿಧಾನ ಹೇಳಿದರೆ ಎರಡು ಸಾಲಿನ ಕೆಲಸ. ಶೀಟನ್ನು ಚೌಕಟ್ಟಿಗೆ ಬಿಗಿದು ಕಾಯಿಸಬೇಕು, ಮೆತ್ತಗಾದಾಗ ಅಚ್ಚಿನ ಮೇಲೆ ಕೂರಿಸಿ ಕೆಳಗಿನ ಗಾಳಿ ತೆಗೆಯಬೇಕು, ತಣಿದ ಮೇಲೆ ಬಿಡಿಸಿ ಅಂಚು ಕತ್ತರಿಸಬೇಕು. ಕರಗಿಸಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ಒತ್ತಿ ತುಂಬುವ ಇಂಜೆಕ್ಷನ್ ಮೋಲ್ಡಿಂಗಿಗೆ ಉಕ್ಕಿನ ಅಚ್ಚು ಬೇಕು, ಅದಕ್ಕೆ ಹಣ ಬೇಕು, ತಿಂಗಳುಗಳು ಬೇಕು. ಇಲ್ಲಿ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯಲ್ಲೇ ಅಚ್ಚು ಮಾಡಿ ವಾರದಲ್ಲಿ ಮೊದಲ ಪೀಸ್ ತೆಗೆಯಬಹುದು. ಹೊಸ ಕಂಪನಿ ಕಟ್ಟುತ್ತಿರುವ ಬೆಂಗಳೂರಿನ ಹುಡುಗ ಹುಡುಗಿಯರು ಮೊದಲ ನೂರಿನ್ನೂರು ಪೀಸ್‌ಗಾಗಿ ನಮ್ಮಂಥವರ ಬಾಗಿಲಿಗೆ ಬರುವುದು ಅದಕ್ಕೇ.

ಬರುವವರ ಡ್ರಾಯಿಂಗಿನಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಗೋಡೆಯ ದಪ್ಪ ಎಲ್ಲ ಕಡೆ 3 ಮಿ.ಮೀ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಆ ಸಾಲಿನ ಬಗ್ಗೆಯೇ. ಈ ವಿಧಾನದಲ್ಲಿ ಅದನ್ನು ಮಾಡಿಕೊಡಲು ಯಾರಿಂದಲೂ ಆಗುವುದಿಲ್ಲ. ಆಗದಿದ್ದಾಗ ಬೈಸಿಕೊಳ್ಳುವವನು ಮಾತ್ರ ಮೆಷಿನ್ ಮುಂದೆ ನಿಂತ ಆಪರೇಟರ್. ಮೂಲೆ ತೆಳುವಾದರೂ ಅವನೇ, ನೆರಿಗೆ ಬಿದ್ದರೂ ಅವನೇ, ಗುಳ್ಳೆ ಎದ್ದರೂ ಅವನೇ. ಪಾರ್ಟಿನಲ್ಲಿ ಕಾಣುವ ದೋಷ ಬಹುಪಾಲು ಗಾಳಿ ತೆಗೆಯುವ ವಾಲ್ವ್ ತೆರೆಯುವ ಮೊದಲೇ, ಕೆಲವು ಸಲ ಶೀಟ್ ಕಾರ್ಖಾನೆಗೆ ಬರುವ ಮೊದಲೇ ಹುಟ್ಟಿರುತ್ತದೆ ಎನ್ನುವುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ.

ಒಂದು ಡಬ್ಬಿ ತೆಗೆದುಕೊಳ್ಳೋಣ. ಬಾಯಿ 300 ಮಿ.ಮೀ. ಚೌಕ, ಆಳ 150. ಬಾಯಿಯ ವಿಸ್ತೀರ್ಣ 90,000 ಚದರ ಮಿ.ಮೀ. ನಾಲ್ಕು ಗೋಡೆ ಮತ್ತು ತಳ ಸೇರಿಸಿದರೆ 2,70,000. ಅಂದರೆ ಬಾಯಿಯಗಲದ ಶೀಟು ಮೂರು ಪಟ್ಟು ವಿಸ್ತಾರಕ್ಕೆ ಹಿಗ್ಗಬೇಕು. ಪ್ಲಾಸ್ಟಿಕ್ ಎಲ್ಲಿಂದಲೂ ಹೊಸದಾಗಿ ಬರುವುದಿಲ್ಲ. 3 ಮಿ.ಮೀ. ಶೀಟು ಹಾಕಿದರೆ ಸರಾಸರಿ ದಪ್ಪ 1 ಮಿ.ಮೀ. ಅದೂ ಸರಾಸರಿ ಮಾತ್ರ. ಅಚ್ಚನ್ನು ಮೊದಲು ಮುಟ್ಟಿದ ಜಾಗ ತಕ್ಷಣ ತಣಿದು ಹಿಗ್ಗುವುದನ್ನು ನಿಲ್ಲಿಸುತ್ತದೆ. ಇನ್ನೂ ಮುಟ್ಟದ ಜಾಗವೇ ಮುಂದಿನ ಹಿಗ್ಗನ್ನೆಲ್ಲ ಹೊರಬೇಕು. ಕಟ್ಟಕಡೆಗೆ ಮುಟ್ಟುವುದು ತಳದ ನಾಲ್ಕು ಮೂಲೆ. ಆ ಮೂಲೆಗಳನ್ನು ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತೆಳುವಾಗಿದ್ದರೆ ಆಶ್ಚರ್ಯವಿಲ್ಲ. ಇದನ್ನು ಆಪರೇಟರ್ ಮಾಡಿದ್ದಲ್ಲ. ಡಬ್ಬಿಯ ಆಳವೂ ಮೂಲೆಯ ಚೂಪೂ ಸೇರಿ ಮಾಡಿದ್ದು.

ಇಷ್ಟು ಅರ್ಥವಾದರೆ ವಿನ್ಯಾಸ ಮಾಡುವವರು ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ. ದಪ್ಪ ಎಷ್ಟು ಎಂದು ಬರೆಯುವ ಬದಲು ಎಲ್ಲಿ ಕನಿಷ್ಠ ಎಷ್ಟು ಬೇಕು ಎಂದು ಬರೆಯಿರಿ. ಭಾರ ಬೀಳುವುದು ತಳಕ್ಕೋ, ಅಂಚಿಗೋ, ಸ್ಕ್ರೂ ಕೂರುವ ಜಾಗಕ್ಕೋ ಹೇಳಿ. ಅಂಚು ಗಟ್ಟಿ ಇರಬೇಕಾದರೆ ತಗ್ಗು ಅಚ್ಚು ಒಳ್ಳೆಯದು, ಶೀಟು ಒಳಕ್ಕೆ ಇಳಿಯುತ್ತ ಅಂಚಿನ ಬಳಿ ದಪ್ಪ ಉಳಿಸಿಕೊಳ್ಳುತ್ತದೆ. ನೆತ್ತಿ ಗಟ್ಟಿ ಇರಬೇಕಾದರೆ ಉಬ್ಬು ಅಚ್ಚು. ಶೀಟು ಮೊದಲು ನೆತ್ತಿಯನ್ನು ಮುಟ್ಟಿ ಅಲ್ಲೇ ದಪ್ಪವಾಗಿ ನಿಲ್ಲುತ್ತದೆ, ಬುಡದ ಕಡೆ ತೆಳುವಾಗುತ್ತದೆ. ಯಾವ ಮುಖ ಅಂದವಾಗಿ ಕಾಣಬೇಕು ಎನ್ನುವುದೂ ಇದರ ಜೊತೆಗೇ ನಿರ್ಧಾರವಾಗಬೇಕು, ಯಾಕೆಂದರೆ ಅಚ್ಚನ್ನು ಮುಟ್ಟುವ ಮುಖದಲ್ಲಿ ಅಚ್ಚಿನ ಗೀರು, ಧೂಳು ಎಲ್ಲವೂ ಮೂಡುತ್ತವೆ. ಅಳತೆ ನಿಖರವಾಗಿ ಸಿಗುವುದೂ ಆ ಮುಖದಲ್ಲೇ. ಅಂದವೂ ಬೇಕು, ನಿಖರ ಅಳತೆಯೂ ಬೇಕು, ಎರಡೂ ಒಂದೇ ಮುಖದಲ್ಲಿ ಬೇಕು ಎಂದರೆ ಅಚ್ಚಿನ ಖರ್ಚು ಏರುತ್ತದೆ. ಅದನ್ನು ಮೊದಲ ದಿನವೇ ಮಾತಾಡಿಕೊಳ್ಳಬೇಕು.

ಆಳ ಕಡಿಮೆ ಮಾಡಲು ಆಗುವುದೇ ಇಲ್ಲ ಎನ್ನುವಾಗ ಎರಡು ಉಪಾಯಗಳಿವೆ. ಗಾಳಿ ತೆಗೆಯುವ ಮುಂಚೆ ಶೀಟಿನ ಕೆಳಗೆ ಸ್ವಲ್ಪ ಗಾಳಿ ಊದಿ ಅದನ್ನು ಗುಮ್ಮಟದಂತೆ ಉಬ್ಬಿಸಿಕೊಂಡರೆ, ಅಚ್ಚನ್ನು ಮುಟ್ಟುವ ಮೊದಲೇ ಶೀಟು ಒಂದಿಷ್ಟು ಸಮನಾಗಿ ಹಿಗ್ಗಿರುತ್ತದೆ. ಇಲ್ಲವೇ ಪ್ಲಗ್ ಬಳಸುವುದು: ಮರದಲ್ಲಿ ಮಾಡಿ ಮೇಲೆ ದಪ್ಪ ಬಟ್ಟೆ ಸುತ್ತಿದ ದಿಮ್ಮಿಯಿಂದ ಮೆತ್ತಗಿನ ಶೀಟನ್ನು ಅಚ್ಚಿನ ಆಳಕ್ಕೆ ತಳ್ಳಿ, ಆಮೇಲೆ ವಾಲ್ವ್ ತೆರೆಯುವುದು. ಪ್ಲಗ್ ತಣ್ಣಗಿದ್ದರೆ ಮುಟ್ಟಿದ ಕಡೆ ಶೀಟು ಬಿರುಸಾಗಿ ಗುರುತು ಉಳಿಯುತ್ತದೆ. ಮರ, ಬಟ್ಟೆ ಬಳಸುವುದು ಅವು ಶಾಖವನ್ನು ಬೇಗ ಹೀರುವುದಿಲ್ಲ ಎಂಬ ಕಾರಣಕ್ಕೆ. ಮೂಲೆಯ ರೇಡಿಯಸ್ ಹೆಚ್ಚಿಸಿ ದುಂಡಗೆ ಮಾಡುವುದು ಇವೆರಡಕ್ಕಿಂತ ಅಗ್ಗ. ಡ್ರಾಯಿಂಗ್ ಕಂಪ್ಯೂಟರಿನಲ್ಲಿ ಇರುವಾಗಲೇ ಮಾಡಿದರೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ಉಬ್ಬು ಅಚ್ಚಿನಲ್ಲಿ ತೊಂದರೆ ಇದರ ತಲೆಕೆಳಗು. ಅಲ್ಲಿ ಮೂಲೆಯ ಬಳಿ ಪ್ಲಾಸ್ಟಿಕ್ ಹೆಚ್ಚಾಗಿ ಬಿಡುತ್ತದೆ. ಮೇಜಿಗೆ ಬಟ್ಟೆ ಹೊದಿಸಿದಾಗ ಮೂಲೆಗಳಲ್ಲಿ ಇಳಿಬೀಳುವ ನೆರಿಗೆಯ ಹಾಗೆ ಇಲ್ಲೂ ಶೀಟು ಎರಡು ಪದರವಾಗಿ ಅಂಟಿಕೊಳ್ಳುತ್ತದೆ. ನಮ್ಮವರು ಇದಕ್ಕೆ ವೆಬ್ಬಿಂಗ್ ಎನ್ನುತ್ತಾರೆ. ಒಮ್ಮೆ ಅಂಟಿದರೆ ಪಾರ್ಟ್ ಸ್ಕ್ರ್ಯಾಪ್. ಶೀಟು ವಿಪರೀತ ಕಾದು ಜೋತುಬಿದ್ದಿದ್ದರೆ, ಅಚ್ಚು ಎತ್ತರವಿದ್ದು ಗೋಡೆ ನೆಟ್ಟಗಿದ್ದರೆ, ಒಂದೇ ಹಲಗೆಯ ಮೇಲೆ ನಾಲ್ಕು ಅಚ್ಚು ಒತ್ತೊತ್ತಾಗಿ ಕೂರಿಸಿದ್ದರೆ ಇದು ಬರುತ್ತದೆ. ಕೊನೆಯದರ ಹಿಂದೆ ಶೀಟು ಉಳಿಸುವ ಆಸೆ ಇರುತ್ತದೆ. ಎರಡು ಅಚ್ಚುಗಳ ನಡುವೆ ಕಡಿಮೆಯೆಂದರೂ ಅಚ್ಚಿನ ಎತ್ತರದಷ್ಟು ಜಾಗ ಬಿಡಿ, ಇನ್ನೂ ಹೆಚ್ಚು ಬಿಟ್ಟರೆ ಒಳ್ಳೆಯದು. ಜಾಗ ಬಿಡಲು ಆಗದಿದ್ದರೆ ನೆರಿಗೆ ಬೀಳುವ ಮೂಲೆಯ ಎದುರಿಗೆ ಒಂದು ಸಣ್ಣ ಮರದ ತುಂಡು ನಿಲ್ಲಿಸಿ. ಹೆಚ್ಚಾದ ಶೀಟನ್ನು ಅದು ಎಳೆದುಕೊಳ್ಳುತ್ತದೆ, ಆ ಭಾಗ ಹೇಗೂ ಟ್ರಿಮ್ಮಿಂಗಿನಲ್ಲಿ ಹೋಗುತ್ತದೆ.

ಈಗ ಗಾಳಿಯ ವಿಷಯ. ಶೀಟನ್ನು ಪಂಪ್ ಎಳೆಯುತ್ತದೆ ಎಂದು ನಾವೆಲ್ಲ ಮಾತಿಗೆ ಹೇಳುತ್ತೇವೆ. ನಿಜಕ್ಕೂ ಒತ್ತುವುದು ಹೊರಗಿನ ವಾತಾವರಣ. ಪಂಪ್ ಕೆಳಗಿನ ಗಾಳಿಯನ್ನು ತೆಗೆದು ಮೇಲಿನ ಗಾಳಿಗೆ ದಾರಿ ಮಾಡಿಕೊಡುತ್ತದೆ, ಅಷ್ಟೇ. ಇದು ಬೆಂಗಳೂರಿನವರಿಗೆ ಮುಖ್ಯ, ಯಾಕೆಂದರೆ ನಾವಿರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಚೆನ್ನೈನಲ್ಲಿ ವಾತಾವರಣದ ಒತ್ತಡ ಪಾದರಸದ ಲೆಕ್ಕದಲ್ಲಿ 760 ಮಿ.ಮೀ. ಆಸುಪಾಸು ಇದ್ದರೆ ಇಲ್ಲಿ ಸುಮಾರು 680. ಒಂದು ಚದರ ಮೀಟರ್ ಶೀಟಿನ ಮೇಲೆ ಅಲ್ಲಿ ಹತ್ತು ಟನ್‌ಗಿಂತ ತುಸು ಹೆಚ್ಚು ಭಾರ ಬೀಳುತ್ತದೆ, ಇಲ್ಲಿ ಒಂಬತ್ತು ಟನ್‌ಗಿಂತ ತುಸು ಹೆಚ್ಚು. ಹತ್ತರಲ್ಲಿ ಒಂದು ಪಾಲು ನಮಗೆ ಮೊದಲೇ ಕಡಿಮೆ. ತೆಳು ಶೀಟಿನಲ್ಲಿ ಗೊತ್ತಾಗುವುದಿಲ್ಲ. ದಪ್ಪ ಶೀಟಿನಲ್ಲಿ ಸಣ್ಣ ಅಕ್ಷರ, ಚೂಪು ಅಂಚು ಮೂಡಿಸುವಾಗ ಗೊತ್ತಾಗುತ್ತದೆ. ಅಂಥ ಕೆಲಸಕ್ಕೆ ಮೇಲಿನಿಂದ ಕಂಪ್ರೆಸರ್ ಗಾಳಿ ಒತ್ತುವ ಪ್ರೆಷರ್ ಫಾರ್ಮಿಂಗ್ ಬೇಕು. ವ್ಯಾಕ್ಯೂಮಿನಿಂದಲೇ ತೆಗೆಯುತ್ತೇನೆ ಎಂದು ಹಟ ಹಿಡಿದು ಶೀಟನ್ನು ಇನ್ನಷ್ಟು ಕಾಯಿಸಿದರೆ ನೆರಿಗೆ ಬರುತ್ತದೆ, ಅಕ್ಷರ ಬರುವುದಿಲ್ಲ.

ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಕಡಿಮೆ ಎಂದು ಹೇಳುವ ಗೇಜ್ 760 ತೋರಿಸುತ್ತಿಲ್ಲ, ಪಂಪ್ ಕೆಟ್ಟಿದೆ ಎಂದು ಬಿಚ್ಚಿಹಾಕುವವರಿದ್ದಾರೆ. ಬೆಂಗಳೂರಿನಲ್ಲಿ ಎಂಥ ಒಳ್ಳೆಯ ಪಂಪ್ ಹಾಕಿದರೂ ಗೇಜ್ ಮುಳ್ಳು 680ರ ಆಚೆ ಹೋಗುವುದಿಲ್ಲ. ಮುಳ್ಳು 660ರಲ್ಲಿ ನಿಂತಿದ್ದರೆ ಆ ಪಂಪನ್ನು ಮುಟ್ಟಬೇಡಿ, ನಿಮ್ಮ ತೊಂದರೆ ಬೇರೆಲ್ಲೋ ಇದೆ. ಸಾಮಾನ್ಯವಾಗಿ ಅದು ವೇಗದಲ್ಲಿರುತ್ತದೆ. ಅಚ್ಚನ್ನು ಮುಟ್ಟಿದ ಶೀಟು ತಣಿಯುವ ಮೊದಲೇ ಗಾಳಿ ಹೋಗಬೇಕು. ಪಂಪಿನಿಂದ ನೇರವಾಗಿ ಅಷ್ಟು ವೇಗ ಸಿಗುವುದಿಲ್ಲ, ಅದಕ್ಕೇ ಟ್ಯಾಂಕ್ ಇರುವುದು. ಅಚ್ಚಿನ ಪೆಟ್ಟಿಗೆ, ಪೈಪು ಎಲ್ಲ ಸೇರಿ 50 ಲೀಟರ್ ಗಾಳಿ ಇದೆ ಎನ್ನೋಣ. ಪೂರ್ತಿ ಖಾಲಿ ಮಾಡಿದ 100 ಲೀಟರ್ ಟ್ಯಾಂಕಿಗೆ ಅದನ್ನು ತೆರೆದರೆ ಆ ಕ್ಷಣಕ್ಕೆ ಗೇಜ್ ಸುಮಾರು 450ಕ್ಕೆ ಬೀಳುತ್ತದೆ. 500 ಲೀಟರ್ ಟ್ಯಾಂಕಾದರೆ 620ರ ಹತ್ತಿರ ನಿಲ್ಲುತ್ತದೆ. ಪಂಪ್ ಅದೇ, ಶೀಟು ಅದೇ, ಪಾರ್ಟ್ ಮಾತ್ರ ಬೇರೆ. ಇಷ್ಟೆಲ್ಲ ಮಾಡಿ ನಡುವೆ ಅರ್ಧ ಇಂಚಿನ ಪೈಪು, ನಾಲ್ಕು ಮೊಣಕೈ ತಿರುವು ಹಾಕಿದರೆ ಟ್ಯಾಂಕ್ ಇದ್ದೂ ಪ್ರಯೋಜನವಿಲ್ಲ.

ನನ್ನ ಮಟ್ಟಿಗೆ ಈ ಕೆಲಸದ ಹೃದಯ ಇರುವುದು ಕಾಯಿಸುವುದರಲ್ಲಿ. ಪ್ಲಾಸ್ಟಿಕ್ ಶಾಖವನ್ನು ಒಳಗೆ ಬಿಟ್ಟುಕೊಳ್ಳಲು ಬಹಳ ಹಿಂಜರಿಯುವ ವಸ್ತು. ಹೊರ ಮುಖಕ್ಕೆ ಬಿದ್ದ ಶಾಖ ನಡುಮಧ್ಯಕ್ಕೆ ತಲುಪುವ ಸಮಯ ದಪ್ಪದ ವರ್ಗದಷ್ಟು ಏರುತ್ತದೆ. ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಶೀಟು ಸರಿಯಾಗಿ ಕೂರಬೇಕಾದರೆ ಸುಮಾರು 150ರಿಂದ 175 ಡಿಗ್ರಿ ಬೇಕು, ಅದೂ ಒಳಗೂ ಹೊರಗೂ. ಒಂದೇ ಕಡೆಯಿಂದ ದಪ್ಪ ಶೀಟು ಕಾಯಿಸಿದರೆ ಮೇಲ್ಮೈ ಹೊಳಪು ಕಳೆದುಕೊಂಡು ಸೀದುಹೋಗುವ ಹಂತಕ್ಕೆ ಬಂದರೂ ಕೆಳಮೈ ಬಿರುಸಾಗಿಯೇ ಇರುತ್ತದೆ. ಹಾಗೆ ಎಳೆದ ಪಾರ್ಟಿನಲ್ಲಿ ಒಳಗೆ ಬಿಗುವು ಉಳಿದುಕೊಳ್ಳುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಕಂಡ ಪಾರ್ಟ್ ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯೊಳಗೆ ಸೊಟ್ಟಗಾಗುವುದು ಬಹಳ ಸಲ ಇದೇ ಕಾರಣಕ್ಕೆ. 3 ಮಿ.ಮೀ.ಗಿಂತ ದಪ್ಪವಿದ್ದರೆ ಎರಡೂ ಕಡೆ ಹೀಟರ್ ಇರಲಿ.

ಇನ್ನು ಟೈಮರ್. ಇಷ್ಟು ಸೆಕೆಂಡ್ ಎಂದು ಇಟ್ಟು ಬಿಟ್ಟರೆ ದಿನವಿಡೀ ಒಂದೇ ಥರ ಬರುತ್ತದೆ ಎಂಬ ನಂಬಿಕೆ ಇದೆ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 230 ವೋಲ್ಟ್ ಇದ್ದದ್ದು 207ಕ್ಕೆ ಇಳಿದರೆ, ಅಂದರೆ ನೂರಕ್ಕೆ ಹತ್ತು ಕಡಿಮೆಯಾದರೆ, ಶಾಖ ನೂರಕ್ಕೆ 19 ಕಡಿಮೆ. ಪಕ್ಕದ ಶೆಡ್‌ನವರು ದೊಡ್ಡ ಮೋಟಾರ್ ಶುರು ಮಾಡಿದ ಹೊತ್ತಿಗೆ ನಿಮ್ಮ ಶೀಟು ಅರೆಬೆಂದಿರಬಹುದು. ಜನವರಿಯ ಬೆಳಗ್ಗೆ ತಣ್ಣಗಿರುವ ಶೀಟಿಗೂ ಏಪ್ರಿಲ್ ಮಧ್ಯಾಹ್ನ ತಗಡಿನ ಸೂರಿನ ಕೆಳಗೆ ಕಾದುಕೊಂಡಿರುವ ಶೀಟಿಗೂ ಇಪ್ಪತ್ತು ಡಿಗ್ರಿ ವ್ಯತ್ಯಾಸವಿದ್ದರೂ ಇರಬಹುದು. ಬಾಗಿಲಿನಿಂದ ಬೀಸುವ ಗಾಳಿ ಒಂದು ಅಂಚನ್ನು ತಣಿಸುತ್ತದೆ, ಚೌಕಟ್ಟಿನ ಕಬ್ಬಿಣ ನಾಲ್ಕೂ ಅಂಚಿನಿಂದ ಶಾಖ ಹೀರುತ್ತದೆ. ಒಳ್ಳೆಯ ಆಪರೇಟರ್ ಗಡಿಯಾರ ನೋಡುವುದಿಲ್ಲ, ಶೀಟು ನೋಡುತ್ತಾನೆ. ಮೊದಲು ಅಲೆ ಅಲೆಯಾಗಿ ಏಳುತ್ತದೆ, ಆಮೇಲೆ ಬಿಗಿದು ಸಮವಾಗುತ್ತದೆ, ಆಮೇಲೆ ನಡುವೆ ಜೋಲಲು ಶುರುವಾಗುತ್ತದೆ. ಎಷ್ಟು ಜೋತಾಗ ತೆಗೆಯಬೇಕು ಎನ್ನುವುದು ಅವನ ಕಣ್ಣಿಗೆ ಗೊತ್ತು. ಆ ಅರಿವನ್ನು ಕಾಗದಕ್ಕೆ ಇಳಿಸಿಕೊಳ್ಳಿ. ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಡುವೆ, ಅಂಚು, ಮೂಲೆ ಮೂರು ಕಡೆ ಅಳೆದು ಬರೆದಿಡಿ. ಅವನು ರಜೆ ಹಾಕಿದ ದಿನ ಕಾರ್ಖಾನೆ ನಿಲ್ಲಬಾರದು ಎನ್ನುವುದಕ್ಕಷ್ಟೇ ಅಲ್ಲ, ನಾಳೆ ರಿಜೆಕ್ಷನ್ ಬಂದಾಗ ತಪ್ಪು ಅವನದಲ್ಲ ಎಂದು ತೋರಿಸಲು ಅವನ ಕೈಯಲ್ಲಿ ಒಂದು ಅಂಕಿ ಇರಬೇಕು.

ಗುಳ್ಳೆ ಬಂದರೆ ಹೆಚ್ಚು ಕಾಯಿಸಿದ್ದೀಯ ಎನ್ನುವ ಮೊದಲು ಶೀಟು ಎಲ್ಲಿತ್ತು ಎಂದು ಕೇಳಿ. ಎಬಿಎಸ್, ಪಾಲಿಕಾರ್ಬೊನೇಟ್, ಅಕ್ರಿಲಿಕ್ ಎಲ್ಲವೂ ಗಾಳಿಯ ತೇವ ಹೀರುತ್ತವೆ. ಸೆಪ್ಟೆಂಬರಿನ ಮಳೆಯಲ್ಲಿ ಗೋಡೆಗೆ ಒರಗಿಸಿಟ್ಟ ಶೀಟು ಕಾದಾಗ ಆ ತೇವ ಆವಿಯಾಗಿ ಒಳಗೇ ಉಬ್ಬುತ್ತದೆ. ಪರೀಕ್ಷೆ ಸುಲಭ. ಅದೇ ಶೀಟಿನ ಎರಡು ತುಂಡು ಕತ್ತರಿಸಿ, ಒಂದನ್ನು ಓವನ್‌ನಲ್ಲಿ ಒಣಗಿಸಿ, ಎರಡನ್ನೂ ಒಟ್ಟಿಗೆ ಕಾಯಿಸಿ ನೋಡಿ. ಎಬಿಎಸ್‌ಗೆ 80 ಡಿಗ್ರಿ ಹತ್ತಿರ, ಪಾಲಿಕಾರ್ಬೊನೇಟಿಗೆ 120ರ ಮೇಲೆ, ಕೆಲವು ಗಂಟೆ ಒಣಗಿಸಬೇಕಾಗುತ್ತದೆ. ದಪ್ಪವಾದಷ್ಟೂ ಹೊತ್ತು ಹೆಚ್ಚು. ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಇಟ್ಟ ಶೀಟಿಗೆ ಈ ಕಾಟ ಕಡಿಮೆ. ಇನ್ನೊಂದು ಪರೀಕ್ಷೆ ಶೀಟು ಕೊಳ್ಳುವಾಗಲೇ ಮಾಡುವಂಥದ್ದು: ಶೀಟು ತಯಾರಾದ ದಿಕ್ಕಿಗೆ ಬಾಣ ಗುರುತು ಹಾಕಿದ ಚೌಕ ತುಂಡನ್ನು ಕಾಯಿಸಿ, ತಣಿದ ಮೇಲೆ ಎರಡೂ ದಿಕ್ಕಿಗೆ ಅಳೆಯಿರಿ. ಬಾಣದ ದಿಕ್ಕಿಗೆ ಬಹಳ ಕುಗ್ಗಿದ್ದರೆ ಆ ಶೀಟು ಚೌಕಟ್ಟಿನಿಂದ ಕಿತ್ತುಕೊಂಡು ಬರುತ್ತದೆ, ಅಳತೆಯೂ ಒಂದೇ ಥರ ಬರುವುದಿಲ್ಲ.

ಅಚ್ಚಿನ ಬಗ್ಗೆ ಕೆಲವೇ ಮಾತು. ಗಾಳಿಯ ರಂಧ್ರ ಎಲ್ಲೆಂದರಲ್ಲಿ ಬೇಡ, ಶೀಟು ಕೊನೆಗೆ ಮುಟ್ಟುವ ಒಳಮೂಲೆಗಳಲ್ಲಿ ಬೇಕು. ಮುಖದ ಕಡೆ ಒಂದು ಮಿ.ಮೀ. ದಾಟದಿರಲಿ, ಹಿಂದಿನಿಂದ ದೊಡ್ಡ ಡ್ರಿಲ್ ಹಾಕಿ ದಾರಿ ಅಗಲ ಮಾಡಿ. ಅಚ್ಚನ್ನು ಕನ್ನಡಿಯಂತೆ ಪಾಲಿಶ್ ಮಾಡಿದರೆ ಶೀಟಿನ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ನವಿರಾದ ಒರಟು ಇರಲಿ. ಉಬ್ಬು ಅಚ್ಚಿನ ಗೋಡೆಗೆ ಐದು ಡಿಗ್ರಿ ಓರೆ ಕೊಡಿ, ಯಾಕೆಂದರೆ ತಣಿಯುವ ಪ್ಲಾಸ್ಟಿಕ್ ಕುಗ್ಗಿ ಅದನ್ನು ಅಪ್ಪಿ ಹಿಡಿಯುತ್ತದೆ. ತಗ್ಗು ಅಚ್ಚಿಗೆ ಎರಡು ಮೂರು ಸಾಕು. ಕುಗ್ಗುವಿಕೆ ಎಬಿಎಸ್‌ನಲ್ಲಿ ನೂರಕ್ಕೆ ಸುಮಾರು 0.6, ಅಂದರೆ 500 ಮಿ.ಮೀ. ಉದ್ದಕ್ಕೆ 3 ಮಿ.ಮೀ. ಪಾಲಿಪ್ರೊಪಿಲೀನಿನಲ್ಲಿ ಅದರ ಮೂರು ಪಟ್ಟು. ಅಚ್ಚು ಮಾಡಿದ ಮೇಲೆ ಮೆಟೀರಿಯಲ್ ಬದಲಿಸೋಣ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಕತ್ತರಿಸುವ ಖರ್ಚನ್ನು ಕೊಟೇಶನ್ನಿನಲ್ಲಿ ಮರೆಯುವವರೇ ಹೆಚ್ಚು. 600 ಚೌಕದ ಶೀಟಿನಿಂದ 500 ಚೌಕದ ಪಾರ್ಟ್ ತೆಗೆದರೆ ಶೀಟಿನ ನೂರಕ್ಕೆ 30 ಭಾಗ ಅಂಚಿನಲ್ಲೇ ಹೋಯಿತು. ಬಣ್ಣ, ಜಾತಿ ಬೇರೆ ಮಾಡಿ ಚೊಕ್ಕಟವಾಗಿಟ್ಟರೆ ಆ ಅಂಚು ಪುಡಿಯಾಗಿ ಮತ್ತೆ ಶೀಟಾಗುತ್ತದೆ. ಪಿವಿಸಿಯನ್ನು ನೀರಿನ ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ ಜೊತೆ ಬೆರೆಸಿದರೆ ಎರಡೂ ಹಾಳು. ಪಿವಿಸಿ ಸೀದರೆ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಅದನ್ನು ಕಾಯಿಸುವ ಶೆಡ್ಡಿನಲ್ಲಿ ಎಕ್ಸಾಸ್ಟ್ ಫ್ಯಾನ್ ಇಲ್ಲ ಎಂದರೆ ಆ ಕೆಲಸ ಒಪ್ಪಿಕೊಳ್ಳಬೇಡಿ. ಅಲ್ಲಿ ನಿಂತು ಉಸಿರಾಡುವವನು ದಿನಕ್ಕೆ ಎಂಟು ಗಂಟೆ ನಿಲ್ಲುತ್ತಾನೆ.

ಪ್ರಶ್ನೋತ್ತರದಲ್ಲಿ ಹಿರಿಯರೊಬ್ಬರು ಕೇಳಿದರು: "ಗ್ರಾಹಕರು ಪಿಪಿಯಲ್ಲೇ ಬೇಕು ಅಂತಾರೆ ಸಾರ್. ಎಬಿಎಸ್ ಥರ ಯಾಕೆ ಬರಲ್ಲ?"

ಪಿಪಿ, ಅಂದರೆ ಪಾಲಿಪ್ರೊಪಿಲೀನ್, ನಿಧಾನಕ್ಕೆ ಮೆತ್ತಗಾಗುವ ಜಾತಿಯಲ್ಲ. 165 ಡಿಗ್ರಿ ಆಸುಪಾಸಿನಲ್ಲಿ ಕರಗಿಯೇ ಹೋಗುತ್ತದೆ. ಅದಕ್ಕೆ ಕೆಲವೇ ಡಿಗ್ರಿ ಮುಂಚೆ ಬಿರುಸು. ಆ ಕೆಲವು ಡಿಗ್ರಿಯ ಸಂದಿಯಲ್ಲಿ ಇಡೀ ಶೀಟನ್ನು ಹಿಡಿಯಬೇಕು, ಹಿಡಿದಾಗಲೂ ಅದು ವಿಪರೀತ ಜೋಲುತ್ತದೆ. ವಲಯ ವಲಯವಾಗಿ ನಿಯಂತ್ರಿಸುವ ಹೀಟರ್ ಇಲ್ಲದ ಮೆಷಿನ್ನಿನಲ್ಲಿ ದೊಡ್ಡ ಪಾರ್ಟ್ ಒಪ್ಪಿಕೊಳ್ಳಬೇಡಿ. ಮೊದಲು ಪಿಪಿ ಯಾಕೆ ಎಂದು ಕೇಳಿ. ರಾಸಾಯನಿಕ ತಾಗುತ್ತದೆ, ಬಿಸಿ ಪದಾರ್ಥ ಹಾಕುತ್ತಾರೆ ಎಂದರೆ ಕಾರಣ ಸರಿ. ಕಡಿಮೆ ಬೆಲೆ ಎನ್ನುವುದೊಂದೇ ಕಾರಣವಾದರೆ ಹಿಪ್ಸ್, ಅಂದರೆ ಪೆಟ್ಟು ತಾಳುವ ಪಾಲಿಸ್ಟೈರೀನ್, ತೋರಿಸಿ. ರಿಜೆಕ್ಷನ್ ಸೇರಿಸಿದ ಲೆಕ್ಕದಲ್ಲಿ ಅದೇ ಅಗ್ಗವಾದೀತು.

ವಿದ್ಯಾರ್ಥಿನಿಯೊಬ್ಬರು ಕೇಳಿದ್ದು: "ಕಾಲೇಜಿನ ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ಮಾಡಿಕೊಂಡು ಬಂದರೆ ನಡೆಯುತ್ತಾ?"

ಮೊದಲ ಕೆಲವು ಪೀಸ್‌ಗೆ ನಡೆಯುತ್ತದಮ್ಮ. ಪ್ರಿಂಟರಿಗೆ ಹಾಕುವ ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿಗೆ ಮೆತ್ತಗಾಗುತ್ತದೆ, ಅದರ ಮೇಲೆ ಬಂದು ಕೂರುವ ಶೀಟು 150ರಲ್ಲಿದೆ. ಹಾಗಾಗಿ ಪ್ರತಿ ಪೀಸಿನ ನಂತರ ಅಚ್ಚು ಪೂರ್ತಿ ತಣಿಯಲು ಬಿಡಬೇಕು, ತೆಳು ಶೀಟು ಬಳಸಬೇಕು. ಒಳಗೆ ಟೊಳ್ಳು ಬಿಡಬೇಡ, 200 ಮಿ.ಮೀ. ಚೌಕದ ಅಚ್ಚಿನ ಮೇಲೂ ಸುಮಾರು 370 ಕಿಲೋ ಭಾರ ಬೀಳುತ್ತದೆ. ಪ್ರಿಂಟಿನ ಪದರಗಳ ಗೆರೆ ಪಾರ್ಟಿನಲ್ಲಿ ಮೂಡುತ್ತದೆ, ಮರಳುಕಾಗದ ಹಿಡಿದು ಉಜ್ಜಿಕೊಂಡು ಬಾ. ಹತ್ತಿಪ್ಪತ್ತಕ್ಕಿಂತ ಹೆಚ್ಚು ಪೀಸ್ ಬೇಕಾದರೆ ಆ ಪ್ರಿಂಟನ್ನೇ ಮಾದರಿಯಾಗಿ ಇಟ್ಟುಕೊಂಡು ಅಲ್ಯೂಮಿನಿಯಂ ಪುಡಿ ಬೆರೆಸಿದ ಎಪಾಕ್ಸಿಯಲ್ಲಿ ಅಚ್ಚು ಎರೆದುಕೊಳ್ಳೋಣ. ಎರೆಯುವ ಮೊದಲು ಡ್ರಾಯಿಂಗ್ ತೆಗೆದುಕೊಂಡು ಬಾ, ಮೂಲೆಯ ರೇಡಿಯಸ್ ಮತ್ತು ಗೋಡೆಯ ಓರೆಯನ್ನು ಆಪರೇಟರ್ ಜೊತೆ ಕೂತು ನೋಡೋಣ.